ನನ್ನ ಪಾಡಿಗೆ ನಾನು

ಮಗಳೋ ಮಗನೋ ಸಿಯಾಟಲ್‌ನಲ್ಲಿದ್ದರೆ, ನೋಡಲು ಹೋದ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಅಲಾಸ್ಕಾ ಕ್ರೂಸ್ ಹೆಚ್ಚುಕಡಿಮೆ ತಪ್ಪಿದ್ದಲ್ಲ. ಎಲ್ಲರೂ ಒಟ್ಟಿಗೆ ಇರಲಿ ಎಂಬ ಆಸೆಯಿಂದಲೇ ಮಕ್ಕಳು ರಜೆ ಹೊಂದಿಸಿ ಟಿಕೆಟ್ ಮಾಡಿಸುತ್ತಾರೆ. ಒಂದೇ ಮೇಜಿನಲ್ಲಿ ಊಟ, ಮೊಮ್ಮಕ್ಕಳ ಗಲಾಟೆ, ಸಾಲಾಗಿ ನಿಂತು ಫೋಟೊ. ಅದರ ಸುಖ ನನಗೆ ಗೊತ್ತು. ಅದೇ ಹಡಗಿನಲ್ಲಿ ಸಿಗುವ ಇನ್ನೊಂದು ಸುಖದ ಬಗ್ಗೆ ಯಾರೂ ಹೇಳುವುದಿಲ್ಲವಲ್ಲ, ಅದನ್ನು ಹೇಳಬೇಕಿದೆ.

ನಮ್ಮಲ್ಲಿ ಹೆಂಗಸು ಒಬ್ಬಳೇ ಹೊರಟರೆ ಕಾರಣ ಬೇಕು. ಹಾಲಿಗೆ, ದೇವಸ್ಥಾನಕ್ಕೆ, ಔಷಧಿ ಅಂಗಡಿಗೆ ಎಂದರೆ ಸರಿ. ಸುಮ್ಮನೆ ಹೋಗಿಬರುತ್ತೇನೆ ಎಂದರೆ, ಏನಾದರೂ ಬೇಜಾರಾಯಿತಾ ಎಂದು ಮನೆಯವರ ಮುಖ ಬಾಡುತ್ತದೆ. ಹಡಗಿನಲ್ಲಿ ಆ ಭಯವಿಲ್ಲ, ಎಲ್ಲಿಗೆ ಹೋದರೂ ಹಡಗಿನೊಳಗೇ ತಾನೆ! ಜೂನ್ ತಿಂಗಳಲ್ಲಿ ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆಲ್ಲ ಬೆಳಕು ಹರಿದಿರುತ್ತದೆ. ಎಲ್ಲರೂ ಮಲಗಿರುವಾಗಲೇ ಸ್ವೆಟರ್ ಹಾಕಿಕೊಂಡು ಹೊರಗಿನ ಡೆಕ್ಕಿಗೆ ಹೋಗುತ್ತಿದ್ದೆ. ಹಡಗನ್ನು ಪೂರ್ತಿ ಸುತ್ತುವ ಮರದ ಹಾಸು, ಎರಡೂ ಕಡೆ ನೀರಿನಿಂದಲೇ ಎದ್ದುಬಂದಂಥ ಕಪ್ಪು ಹಸಿರು ಬೆಟ್ಟಗಳು. ನನ್ನ ನಡಿಗೆ ಬಹಳ ಚುರುಕಿನದು ಎಂಬುದು ತಿಳಿದದ್ದು ಅಲ್ಲಿ. ಅತ್ತೆಯವರ ಮಂಡಿನೋವಿಗೆ, ಮಕ್ಕಳ ಪುಟ್ಟ ಹೆಜ್ಜೆಗೆ, ಯಜಮಾನರ ನಿಧಾನಕ್ಕೆ ಹೊಂದಿಕೊಂಡು ನಡೆದೇ ಆಯುಷ್ಯದ ಬಹುಪಾಲು ಕಳೆದಿತ್ತು. ಪ್ರೀತಿಯಿಂದಲೇ ಹಾಗೆ ನಡೆದೆ, ಅದರಲ್ಲಿ ಅನುಮಾನವಿಲ್ಲ.

ನಮ್ಮ ಹಡಗು ತಂಗಿದ ಜೂನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ, ಹಡಗು ಇಲ್ಲವೇ ವಿಮಾನದಲ್ಲೇ ಹೋಗಬೇಕು. ಮನೆಯವರು ತಿಮಿಂಗಿಲ ನೋಡಲು ದೋಣಿ ಹತ್ತಿದರು, ನಾನು ಊರಲ್ಲೇ ಉಳಿದೆ. ಪ್ರವಾಸಿಗರ ಅಂಗಡಿಸಾಲು ದಾಟಿ ಏರುಬೀದಿ ಹತ್ತಿದರೆ, ಮನೆಗಳ ನಡುವೆ ಎಂಟು ಮೂಲೆಯ ಒಂದು ಪುಟ್ಟ ಮರದ ಚರ್ಚು. ನೆತ್ತಿಯ ಮೇಲೆ ಈರುಳ್ಳಿಯಾಕಾರದ ಗುಮ್ಮಟ. ಸೇಂಟ್ ನಿಕೊಲಸ್ ರಷ್ಯನ್ ಚರ್ಚು, ಕಟ್ಟಿದ್ದು 1894ರಲ್ಲಿ. ಆದರೆ ರಷ್ಯ ಅಲಾಸ್ಕಾವನ್ನು ಅಮೆರಿಕಕ್ಕೆ ಮಾರಿದ್ದು 1867ರಲ್ಲೇ! ರಷ್ಯನ್ನರ ಆಡಳಿತ ಮುಗಿದು ಅಷ್ಟು ಕಾಲವಾದ ಮೇಲೆ ಈ ಗುಡಿ ಯಾರಿಗೆ ಬೇಕಿತ್ತು? ಬೇಕಿದ್ದದ್ದು ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರಿಗೆ. ಅಮೆರಿಕದ ಮಿಷನರಿ ಶಾಲೆಗಳು ಅವರ ಮಕ್ಕಳ ಬಾಯಿಂದ ತಾಯಿಮಾತನ್ನು ಬಿಡಿಸುತ್ತಿದ್ದ ಕಾಲ ಅದು. ಈ ಚರ್ಚಿನ ಪಾದ್ರಿಗಳು ಟ್ಲಿಂಗಿಟ್ ಭಾಷೆಯಲ್ಲೇ ಪ್ರಾರ್ಥನೆ ನಡೆಸಲು ಒಪ್ಪಿದ್ದರು. ತಮ್ಮ ಮಾತಿಗೆ ಜಾಗ ಕೊಟ್ಟ ದೇವರನ್ನು ಆ ಜನ ಆರಿಸಿಕೊಂಡರು.

ಆ ಚರ್ಚಿನೆದುರು ಎಷ್ಟೋ ಹೊತ್ತು ನಿಂತಿದ್ದೆ. ‘ಸಾಕು, ನಡಿ’ ಎನ್ನುವವರಿರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಓದಿದವಳು ನಾನು. ‘ಇದು ಇಲ್ಲಿ ಯಾಕಿದೆ’ ಎಂದು ಕೇಳುವ ಆ ಹುಡುಗಿ ಸಂಸಾರದ ಗಡಿಬಿಡಿಯಲ್ಲಿ ಎಲ್ಲೋ ಹಿಂದುಳಿದಿದ್ದಳು. ಜೂನೋದ ಏರುಬೀದಿಯಲ್ಲಿ ಅವಳು ನನ್ನನ್ನು ಬಂದು ಸೇರಿಕೊಂಡಳು ಎಂದೇ ಅನ್ನಿಸಿತು.

ಮುಂದೆ ಗ್ಲೇಷಿಯರ್ ಬೇ ಕೊಲ್ಲಿಯಲ್ಲಿ ಎಲ್ಲರೂ ಕಟಕಟೆಗೆ ಆತುಕೊಂಡು ನಿಂತೆವು. 1794ರಲ್ಲಿ ಬ್ರಿಟಿಷ್ ಕಪ್ತಾನ ವ್ಯಾಂಕೂವರನ ನಾವಿಕರು ಬಂದಾಗ ಆ ಕೊಲ್ಲಿಯ ಬಹುಪಾಲು ಬರೀ ಹಿಮವೇ ಆಗಿತ್ತು. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಬರುವಷ್ಟರಲ್ಲಿ ಆ ಹಿಮ ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಹಡಗಿನ ಪಕ್ಕ ತೇಲುವ ಹಿಮದ ತುಂಡುಗಳು ಕರಗುವಾಗ ಒಳಗೆ ಸಿಕ್ಕಿಕೊಂಡಿದ್ದ ಹಳೆಯ ಗಾಳಿಗುಳ್ಳೆಗಳು ಒಡೆದು, ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಎನ್ನುತ್ತವೆ. ಮೊಮ್ಮಗನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅದನ್ನು ಕೇಳಿಸಿದೆ. ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ತಾಳ್ಮೆ ಅವತ್ತು ನನ್ನಲ್ಲಿತ್ತು. ನನ್ನ ಪಾಡಿಗೆ ನಾನು ಕಳೆದ ಹೊತ್ತೇ ಆ ತಾಳ್ಮೆ ಕೊಟ್ಟಿದ್ದು. ಹೀಗೆ ಸ್ವಲ್ಪ ಹೊತ್ತು ಬೇರೆಯಾಗಿ ಹೋಗಿಬಂದವರಿಂದ ಮನೆಯವರಿಗೆ ನಷ್ಟವೇನೂ ಇಲ್ಲ, ಲಾಭವೇ.

ಅದನ್ನೆಲ್ಲ ನೋಡುತ್ತಿದ್ದಳೋ ಏನೋ, ರಾತ್ರಿ ಮಗಳು ಮೆಲ್ಲಗೆ ಕೇಳಿದಳು: ‘ಅಮ್ಮಾ, ನಾಳೆ ಬೆಳಿಗ್ಗೆ ನಾನೊಬ್ಳೇ ಹೋಗಿಬರ್ಲಾ? ಪಾಪು ಎದ್ರೆ ನೋಡ್ಕೋತೀಯಾ?’

‘ಹೋಗು,’ ಎಂದೆ. ‘ಬೇಗ ಬಾ ಅಂತ ಮಾತ್ರ ಹೇಳಲ್ಲ.’