ಉಮ್ಮನಿಗೂ ಒಂದು ರಜೆ

ಮಲ್ಪೆಯಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ. ಸೈಂಟ್ ಮೇರೀಸ್ ದ್ವೀಪದಲ್ಲಿ ಇಳಿದೊಡನೆ ಮಕ್ಕಳು ಚಿಪ್ಪು ಹೆಕ್ಕಲು ಓಡಿದರು. ಗಂಡಸರು ಮೊಣಕಾಲುದ್ದದ ನೀರಿಗಿಳಿದರು. ಉಮ್ಮ ಮಾತ್ರ ತೆಂಗಿನ ಮರದಡಿ ಚೀಲ, ಚಪ್ಪಲಿಗಳಿಗೆ ಕಾವಲು ಕುಳಿತರು.

"ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ."

ಮನೆಯಲ್ಲೂ ಅವರದು ಇದೇ ಮಾತು. ಚೀಲಗಳನ್ನು ತಮ್ಮನಿಗೊಪ್ಪಿಸಿ, ಅವರ ಕೈಹಿಡಿದು ಎಬ್ಬಿಸಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾರಸ ತಣಿದು ಮೂಡಿದ ಕಂಬಗಲ್ಲುಗಳನ್ನು ತೋರಿಸಿದೆ. ಉಮ್ಮ ಅವುಗಳ ಅಂಚು ಸವರಿ ಬೆರಗಾದರು. ಅಲೆಗೆ ಪಾದವೊಡ್ಡಿ ಮಗುವಿನಂತೆ ನಕ್ಕರು. ಆ ನಗುವನ್ನು ನಾನು ನೋಡಿ ಎಷ್ಟು ವರ್ಷಗಳಾಗಿದ್ದವೋ!

ಸಹೋದರಿಯರೇ, ಮುಂದಿನ ಪ್ರವಾಸದಲ್ಲಿ ಚೀಲ ಕಾಯುತ್ತಾ ಕುಳಿತವರು ಯಾರೆಂದು ಒಮ್ಮೆ ತಿರುಗಿ ನೋಡಿ. ಆ ಕೆಲಸವನ್ನು ಎಲ್ಲರೂ ಸರದಿಯಲ್ಲಿ ಹಂಚಿಕೊಳ್ಳಬಾರದೇ?