ಆಟದ ಯಂತ್ರಗಳಿಗೂ ಒಂದು ಸಂತೆ ಬೇಕು

ಟಿ.ವಿ.ಗೆ ಜೋಡಿಸಿ ವಿಡಿಯೊ ಆಟಗಳನ್ನು ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಅದನ್ನು ತಯಾರಿಸುವವರಲ್ಲಿ ಬಲು ದೊಡ್ಡವರು ಮೂವರು: ಜಪಾನಿನ ಸೋನಿ ಮತ್ತು ನಿಂಟೆಂಡೊ, ಅಮೆರಿಕದ ಮೈಕ್ರೋಸಾಫ್ಟ್. ಇವರೆಲ್ಲ ವರ್ಷಕ್ಕೊಮ್ಮೆ ಒಂದೇ ಚಪ್ಪರದಡಿ ಕೂಡುತ್ತಿದ್ದ ಜಾತ್ರೆಯೊಂದಿತ್ತು. 1995ರ ಮೇ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಮೊದಲಾದ ಆ ಪ್ರದರ್ಶನವನ್ನು ಇ-ತ್ರೀ ಎಂದು ಕರೆಯುತ್ತಿದ್ದರು. 2023ರ ಡಿಸೆಂಬರಿನಲ್ಲಿ ಅದು ಶಾಶ್ವತವಾಗಿ ನಿಂತಿತು. “ನಿಂತರೇನಂತೆ, ಎಲ್ಲವೂ ಮೊಬೈಲಿನಲ್ಲೇ ಕಾಣುತ್ತದಲ್ಲ!” ಎನ್ನುವ ಗೆಳೆಯರು ನನಗಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಆ ಸಂತೆ ಮುಚ್ಚಿದ್ದರಿಂದ ಕೊಳ್ಳುವವನಿಗೆ ನಷ್ಟವಾದದ್ದು ನಿಜ. ಮಾರುವವನಿಗೂ ಅಷ್ಟೇ ನಷ್ಟವಾಗಿದೆ ಎಂಬುದು ನನ್ನ ವಾದ.

ಕಮ್ಮರಡಿಯ ಹುಡುಗನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ತಂದೆ ಅಡಿಕೆ ತೋಟಗಳಲ್ಲಿ ಕೊನೆಗಾರರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಒಮ್ಮೆ ಅಡಿಕೆ ಸುಲಿಯುವ ಯಂತ್ರ ಮಾರುವವನೊಬ್ಬ ತೋಟದ ಮನೆಯ ಅಂಗಳಕ್ಕೆ ಬಂದ. ತಾನೇ ಚೀಲದಲ್ಲಿ ತಂದಿದ್ದ, ಆರಿಸಿ ತೆಗೆದ ಒಂದೇ ಗಾತ್ರದ ಕಾಯಿಗಳನ್ನು ಹಾಕಿ ಸೊಗಸಾಗಿ ಸುಲಿದು ತೋರಿಸಿದ. ಎಲ್ಲರೂ ಬೆರಗಾದರು. ಅಪ್ಪಯ್ಯ ಮಾತ್ರ, “ನಿನ್ನ ಅಡಿಕೆ ಬೇಡ ಮಾರಾಯ, ಈ ತೋಟದ ಅಡಿಕೆ ಹಾಕಿ ತೋರ್ಸು” ಎಂದರು. ಅರ್ಥಶಾಸ್ತ್ರದ ತರಗತಿಯಲ್ಲಿ ಮಾರುಕಟ್ಟೆಯ ಲಕ್ಷಣಗಳನ್ನು ಬರೆದುಕೊಳ್ಳುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಪುತ್ತೂರಿನಲ್ಲಿ 2009ರಲ್ಲಿ ಕ್ಯಾಂಪ್ಕೊ ನಡೆಸಿದ ಅಡಿಕೆ ಯಂತ್ರಮೇಳ, 2023ರ ಫೆಬ್ರವರಿಯಲ್ಲಿ ಅದೇ ಊರಿನಲ್ಲಿ ಜರುಗಿದ ಕೃಷಿ ಯಂತ್ರಮೇಳ, ಇಂಥವುಗಳ ಹಿರಿಮೆ ಇರುವುದೂ ಇಲ್ಲಿಯೇ. ಯಂತ್ರಗಳು ಅಕ್ಕಪಕ್ಕದಲ್ಲಿ ಓಡುವಾಗ ಮಾರುವವನ ಬಾಯಿ ತಾನಾಗಿ ಹಿಡಿತಕ್ಕೆ ಬರುತ್ತದೆ.

ಕನ್ಸೋಲುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1983ರಲ್ಲಿ ಅಮೆರಿಕದ ವಿಡಿಯೊ ಆಟದ ವ್ಯಾಪಾರ ಕುಸಿದುಬಿದ್ದು ಅಂಗಡಿಕಾರರು ಕೈ ಸುಟ್ಟುಕೊಂಡಿದ್ದರು. 1985ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ನಿಂಟೆಂಡೊ ತನ್ನ ಯಂತ್ರವನ್ನಿಟ್ಟಾಗ ಅವರು ಆಸಕ್ತಿ ತೋರಲಿಲ್ಲ. ಆ ನಿರಾಕರಣೆಯೇ ಕಂಪೆನಿಗೆ ಉಪಕಾರವಾಯಿತು. ಯಂತ್ರದ ರೂಪ ಬದಲಾಯಿತು, ಜೊತೆಗೊಂದು ಆಟಿಕೆಯ ರೋಬೋ ಬಂತು, ಮಾರಾಟವಾಗದ ಸರಕನ್ನು ಹಿಂದಕ್ಕೆ ಪಡೆಯುವ ಭರವಸೆ ಅಂಗಡಿಗಳಿಗೆ ದೊರೆಯಿತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟ ಆರಂಭವಾಯಿತು. ಉಗ್ರಾಣ ತುಂಬಿಸಿದ ಮೇಲೆ ಕೇಳಬೇಕಾಗಿದ್ದ “ಬೇಡ” ಎಂಬ ಮಾತನ್ನು ಮೊದಲೇ ಕೇಳಿಸಿಕೊಳ್ಳುವುದು ಸಣ್ಣ ಲಾಭವೇ?

1995ರ ಮೊದಲ ಇ-ತ್ರೀಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಸೆಗಾ ಕಂಪೆನಿ ತನ್ನ ಸ್ಯಾಟರ್ನ್ ಯಂತ್ರದ ಬೆಲೆ 399 ಡಾಲರ್ ಎಂದು ಸಾರಿತು. ಸೆಪ್ಟೆಂಬರಿಗೆ ಬರಬೇಕಾದುದು ಆಗಲೇ ನಾಲ್ಕು ಅಂಗಡಿ ಸಂಸ್ಥೆಗಳಿಗೆ ತಲುಪಿದೆ ಎಂದೂ ಹೇಳಿ ಎಲ್ಲರನ್ನೂ ಚಕಿತಗೊಳಿಸಿತು. ಅದೇ ಮೇಳದಲ್ಲಿ ಸೋನಿಯ ಅಧಿಕಾರಿ ಸ್ಟೀವ್ ರೇಸ್ ವೇದಿಕೆಗೆ ಬಂದು, ಪ್ಲೇಸ್ಟೇಷನ್ನಿನ ಬೆಲೆಯಾದ 299 ಎಂಬ ಸಂಖ್ಯೆಯನ್ನಷ್ಟೇ ನುಡಿದು ಕೆಳಗಿಳಿದರು. ಇಷ್ಟು ಮಿತಭಾಷಿಯಾದ ಭಾಷಣಕಾರ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಎಂದಾದರೂ ಬರಲೆಂದು ಹಾರೈಸುತ್ತೇನೆ. ಅತ್ತ, ಸ್ಯಾಟರ್ನ್ ಸಿಗದೆ ಹೊರಗುಳಿದ ಅಂಗಡಿಕಾರರು ಸೆಗಾದ ಮೇಲೆ ಮುನಿದರು. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಬಿಟ್ಟಿತು. ಕಾರಣಗಳು ಹಲವು, ಆದರೆ ಆ ದಿನದ ಪೆಟ್ಟೂ ಅವುಗಳಲ್ಲೊಂದು.

2013ರಲ್ಲಿ ಮೈಕ್ರೋಸಾಫ್ಟ್ ಇದೇ ಮೇಳಕ್ಕೆ ಎಕ್ಸ್‌ಬಾಕ್ಸ್ ಒನ್ ತಂದಿತು: ಬೆಲೆ 499 ಡಾಲರ್, ಅದರ ಮೇಲೆ ಒಮ್ಮೆ ಕೊಂಡ ಆಟವನ್ನು ಇನ್ನೊಬ್ಬರಿಗೆ ಕೊಡಲು ನೂರೆಂಟು ಕಟ್ಟಳೆ. ಅಂದೇ ಸಂಜೆ ಸೋನಿ 399 ಡಾಲರ್ ಎಂದು ಹೇಳಿ, ತನ್ನಲ್ಲಿ ಅಂಥ ಕಟ್ಟಳೆಗಳಿಲ್ಲವೆಂದಾಗ ಸಭೆ ಚಪ್ಪಾಳೆಯಿಂದ ತುಂಬಿತು. ಹತ್ತು ದಿನ ಕಳೆಯುವುದರೊಳಗೆ ಮೈಕ್ರೋಸಾಫ್ಟ್ ಆ ಕಟ್ಟಳೆಗಳನ್ನು ಹಿಂತೆಗೆದುಕೊಂಡಿತು. ಎದುರಾಳಿಯ ಮಳಿಗೆ ಪಕ್ಕದಲ್ಲಿಲ್ಲದಿದ್ದರೆ ತಪ್ಪು ಇಷ್ಟು ಬೇಗ ತಿದ್ದಿಕೊಳ್ಳುತ್ತಿತ್ತೆ? ನನಗಂತೂ ಸಂಶಯ.

ಮೇಳದಲ್ಲಿ ಮೋಸವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. 2005ರಲ್ಲಿ ಸೋನಿ ಪರದೆಯ ಮೇಲೆ ತೋರಿಸಿದ ಯುದ್ಧದ ಆಟವೊಂದು ನಿಜವಾದ ಆಟವಾಗಿರದೆ ಮೊದಲೇ ಸಿದ್ಧಪಡಿಸಿದ ಚಿತ್ರವಾಗಿತ್ತು. ಅದೂ ಆರಿಸಿ ತಂದ ಅಡಿಕೆಯೇ. ಆದರೆ ಮೊಬೈಲಿನಲ್ಲಿ ನಾವು ಈಗ ನೋಡುವ ಪ್ರಚಾರಚಿತ್ರಗಳಲ್ಲಿ ಆರಿಸಿದ ಅಡಿಕೆಯ ಹೊರತು ಬೇರೇನೂ ಇಲ್ಲ.

ನಿಂಟೆಂಡೊ 2013ರಿಂದಲೇ ಆ ದೊಡ್ಡ ವೇದಿಕೆಯ ಸಭೆಗಳನ್ನು ಬಿಟ್ಟಿತು, ಸೋನಿ 2019ರಲ್ಲಿ ಮೇಳಕ್ಕೇ ಬರಲಿಲ್ಲ, ಆದರೂ ಅವರ ವ್ಯಾಪಾರ ಕುಂದಲಿಲ್ಲವಲ್ಲ ಎಂಬುದು ಎದುರಾಳಿಗಳ ಬಲವಾದ ವಾದ. ನಿಂಟೆಂಡೊ ಸ್ವಿಚ್ 2016ರಲ್ಲಿ ಒಂದು ವಿಡಿಯೊದಿಂದಲೇ ಲೋಕಕ್ಕೆ ಪರಿಚಯವಾಗಿ ಹದಿನೈದು ಕೋಟಿಗಿಂತ ಹೆಚ್ಚು ಮಾರಾಟವಾದುದೂ ಸತ್ಯ. ಆದರೆ ಅದೇ ನಿಂಟೆಂಡೊ 2017ರ ಜನವರಿಯಲ್ಲಿ, ಮಾರಾಟಕ್ಕೆ ಮುಂಚೆ, ಟೋಕಿಯೊ ಮತ್ತು ನ್ಯೂಯಾರ್ಕ್ ಮುಂತಾದೆಡೆ ಜನರ ಕೈಗೆ ಯಂತ್ರ ಕೊಟ್ಟು ಆಡಿಸಿತೆಂಬುದನ್ನು ಮರೆಯಬಾರದು. ಸಂತೆಯ ಅಗತ್ಯವನ್ನು ಅವರೂ ಬಲ್ಲರು. ಪಕ್ಕದ ಅಂಗಡಿ ಮಾತ್ರ ಅವರಿಗೆ ಬೇಡವಾಗಿದೆ. ಹೆಸರು ಗಳಿಸಿದವರು ಹೀಗೆ ಮಾಡಬಲ್ಲರು. ಹೊಸಬನಿಗೆ ಜನರನ್ನು ಕರೆತರುವವರು ಯಾರು? ದೊಡ್ಡವರನ್ನು ನೋಡಲು ಬಂದ ಜನ ಹಾದಿಯಲ್ಲಿ ಸಣ್ಣವನ ಮಳಿಗೆಗೂ ಇಣುಕುತ್ತಿದ್ದರು.

ನಮ್ಮ ನಾಡಿಗೆ ಬಂದರೆ, ಪ್ಲೇಸ್ಟೇಷನ್ 5 ಅಮೆರಿಕ, ಜಪಾನುಗಳಲ್ಲಿ 2020ರ ನವೆಂಬರ್ 12ರಂದು ಬಿಡುಗಡೆಯಾಯಿತು. ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, 49,990 ರೂಪಾಯಿ ಬೆಲೆಗೆ. ಕೊನೆಗಾರನ ಮಗನಿಗೆ ಇದು ಕನಸಿನ ಮೊತ್ತ. ಇಷ್ಟು ಹಣ ತೆರಬಲ್ಲವನಾದರೂ ಕೈಯಲ್ಲಿ ಹಿಡಿದು ನೋಡದೆ ಏಕೆ ಕೊಳ್ಳಬೇಕು? ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ 2012ರಲ್ಲೇ ನೀತಿಯೊಂದನ್ನು ರೂಪಿಸಿತು. ಬೆಂಗಳೂರಿನಲ್ಲಿ ಜಿಎಎಫ್‌ಎಕ್ಸ್ ಎಂಬ ಸಮ್ಮೇಳನವೂ ನಡೆಯುತ್ತದೆ. ಸಂತೋಷ. ಕಮ್ಮರಡಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು. ಅಂಥ ಪ್ರದರ್ಶನದ ಒಂದು ಭಾಗವನ್ನು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ತಂದು, ದೊಡ್ಡ ಕಂಪೆನಿಗಳ ಯಂತ್ರದ ಪಕ್ಕದಲ್ಲೇ ನಮ್ಮ ನಾಡಿನ ಹುಡುಗರು ಮಾಡಿದ ಆಟವನ್ನೂ ಇಡಲಿ. ಆಡಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳಲು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹುಡುಗರು ಸಿದ್ಧರಿದ್ದಾರೆ. ಮುಖ ನೋಡಿ ಹೊಗಳುವ ಅಭ್ಯಾಸ ಅವರಿಗಿಲ್ಲ.