ಸೋಲಿಗರ ಹಾಡೂ ಸೋಲಿಗರ ಹಕ್ಕುಪತ್ರವೂ

ಆಗಸ್ಟ್ 9ನೆಯ ತಾರೀಖು ವಿಶ್ವ ಆದಿವಾಸಿಗಳ ದಿನ. ವಿಶ್ವಸಂಸ್ಥೆ 1994ರಲ್ಲಿ ಗೊತ್ತುಮಾಡಿದ್ದು. ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15ನ್ನು ಭಾರತ ಸರ್ಕಾರದವರು 2021ರಿಂದ ಜನಜಾತೀಯ ಗೌರವ ದಿವಸವೆಂದು ಆಚರಿಸುತ್ತಿದ್ದಾರೆ. ಹೀಗೆ ವರ್ಷಕ್ಕೆ ಎರಡು ದಿನ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಗಿರಿಜನರಿಗೆ ಗೌರವ ಪ್ರಾಪ್ತವಾಗುತ್ತದೆ. ಆ ಗೌರವದ ಕ್ರಮ ಎಲ್ಲರಿಗೂ ಗೊತ್ತಿರುವಂಥದೇ. ಬೆಳಗಿನ ಜಾವಕ್ಕೇ ಪೋಡುಗಳಿಗೆ ವ್ಯಾನು ಹೋಗುತ್ತದೆ. ಹೆಂಗಸರು ಗಂಡಸರನ್ನು ತುಂಬಿಕೊಂಡು ಬರುತ್ತದೆ. ತಲೆಗೆ ಸೊಪ್ಪು ಕಟ್ಟಿಸಿ, ಮಂತ್ರಿಗಳ ಕಾರು ಬರುವ ತನಕ ಬಿಸಿಲಿನಲ್ಲಿ ನಿಲ್ಲಿಸಿ, ಬಂದ ಮೇಲೆ ಹತ್ತು ನಿಮಿಷ ಕುಣಿಸಿ, ಅನ್ನದ ಪೊಟ್ಟಣ ಕೈಗಿತ್ತು ಸಾಗಹಾಕುತ್ತಾರೆ. ಭಾಷಣದಲ್ಲಿ ಮಾತ್ರ ಅವರು ಕಾಡಿನ ಒಡೆಯರು.

ಕುಣಿತಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಸೋಲಿಗರ ಹಾಡನ್ನು ಒಮ್ಮೆ ಕೇಳಿದವನು ಅದು ಬೇಡವೆನ್ನಲಾರ. ನಮ್ಮ ಮಾತು ಚಪ್ಪಾಳೆ ತಟ್ಟಿದ ಪೇಟೆಯವರನ್ನು ಕುರಿತದ್ದು. ಸಭೆ ಮುಗಿಸಿ ಮನೆಗೆ ಹೊರಟ ಗುಮಾಸ್ತರನ್ನೋ ಮೇಷ್ಟರನ್ನೋ ತಡೆದು ಕೇಳಿ ನೋಡಿ: ಕುಣಿದವರ ಪೋಡು ಯಾವುದು? ಕುಲ ಯಾವುದು? ಹಾಡಿದ್ದು ಯಾವ ಹೊತ್ತಿನ ಹಾಡು? ಉಳುತ್ತಿರುವ ತುಂಡು ನೆಲಕ್ಕೆ ಅವರ ಕೈಯಲ್ಲಿ ಕಾಗದವಿದೆಯೇ? ಇಷ್ಟನ್ನು ವಿಚಾರಿಸದೆ ಸಲ್ಲಿಸಿದ ಗೌರವ ಬಾಯುಪಚಾರವಲ್ಲದೆ ಮತ್ತೇನು?

ಸೋಜಿಗವೆಂದರೆ, ನಮ್ಮ ಸೀಮೆಯವರ ಭಕ್ತಿಯೇ ಸೋಲಿಗರ ಮನೆಯೊಳಗಿಂದ ಹಾದು ಬಂದಿದೆ. ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಕೈಹಿಡಿದನೆಂಬುದು ಕತೆ. ಆದ್ದರಿಂದಲೇ ಸೋಲಿಗರಿಗೆ ಆತ ರಂಗಭಾವ. ನಾವು ಅಡ್ಡಬೀಳುವ ದೇವರನ್ನು ಅವರು ಭಾವನೆಂದು ಸಲಿಗೆಯಿಂದ ಕರೆಯುತ್ತಾರೆ. ಇನ್ನು ಮಲೆಯ ಮಾದೇಶ್ವರನ ಕಾವ್ಯ. ಕಂಸಾಳೆಯವರು ಸಂಕಮ್ಮನ ಸಾಲು ಹಿಡಿದರೆಂದರೆ ಹೆಂಗಸರ ಕಣ್ಣು ಒದ್ದೆಯಾಗುವುದನ್ನು ಯಾರು ಕಂಡಿಲ್ಲ? ಆ ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಅನುಮಾನದ ಗಂಡನ ಕೈಯಲ್ಲಿ ನರಳಿದ ಆ ತಾಯಿಯ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಇವರಿಲ್ಲದೆ ಮಾದಪ್ಪನ ಪರುಷೆಯ ಹಾಡೇ ಪೂರ್ತಿಯಾಗದು. ಹೀಗಿರುವಾಗ ಸೋಲಿಗರನ್ನು ಎಲ್ಲಿಂದಲೋ ಹಿಡಿದು ತಂದ ವಿಚಿತ್ರ ಜನರೆಂಬಂತೆ ನೋಡುವುದು ಯಾವ ನ್ಯಾಯ? ಬೆಟ್ಟ ಹತ್ತುವ ಯಾತ್ರಿಕ ಉರುಳುಸೇವೆಗೆ ಮುಂಚೆ ಒಂದು ಪೋಡಿನ ಹೆಸರನ್ನಾದರೂ ತಿಳಿದುಕೊಳ್ಳಲಿ ಎಂದರೆ ಅದು ದೊಡ್ಡ ಬೇಡಿಕೆಯಲ್ಲ.

ತಿಳಿಯುವುದರಲ್ಲಿಯೂ ಎರಡು ಬಗೆಯಿದೆ. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ತರ್ಸ್ಟನ್ ಎಂಬ ದೊರೆ ದಕ್ಷಿಣದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟ ಬರೆದ, 1909ರಲ್ಲಿ ಅಚ್ಚಾಯಿತು. ಸೋಲಿಗರೂ ಅದರಲ್ಲಿದ್ದಾರೆ. ಶ್ರಮಪಟ್ಟು ಬರೆದ ಗ್ರಂಥವೆಂಬುದನ್ನು ಒಪ್ಪೋಣ. ಆದರೆ ಜನರ ತಲೆಯನ್ನೂ ಮೂಗನ್ನೂ ಅಳೆಯುವ ಸಲಕರಣೆ ಆತನ ಜೊತೆಗೇ ಇರುತ್ತಿತ್ತು. ಮೂಗಿನ ಅಗಲ ಗೊತ್ತಾಯಿತು, ಮೂಗಿನ ಹಿಂದಿದ್ದ ಮನುಷ್ಯ ಗೊತ್ತಾಗಲಿಲ್ಲ. ಇಂದು ಸಲಕರಣೆ ಬದಲಾಗಿದೆ. ಜೀಪಿನಲ್ಲಿ ಬಂದು, ಕೇಳದೆ ಕೈಫೋನಿನಲ್ಲಿ ಮುದುಕಿಯ ಮುಖವನ್ನು ಹಿಡಿದುಕೊಂಡು ಹೋಗುವ ಮಹಾಶಯರು ತರ್ಸ್ಟನ್ನನ ಮೊಮ್ಮಕ್ಕಳೇ ಸರಿ.

ಎರಡನೆಯ ಬಗೆ, ಶಿಷ್ಯನಾಗಿ ಹೋಗಿ ಕುಳಿತುಕೊಳ್ಳುವುದು. ಹಾಗೆ ಕುಳಿತವರಿಗೆ ಮೊದಲು ತಿಳಿಯುವ ಸಂಗತಿಯೆಂದರೆ, ನಮ್ಮ ಕಣ್ಣಿಗೆ ಬರಿಯ ಹಸುರಾಗಿ ಕಾಣುವ ಬೆಟ್ಟ ಅವರ ಮನಸ್ಸಿನಲ್ಲಿ ಹದ್ದುಬಸ್ತು ಮಾಡಿದ ನಾಡು. ಕುಲಕುಲಕ್ಕೆ ಒಂದೊಂದು ಯೆಲ್ಲೆ. ಪ್ರತಿ ಯೆಲ್ಲೆಯೊಳಗೂ ದೇವರು, ಮಾರಮ್ಮ, ವೀರು, ಅಬ್ಬಿ ಎಂಬ ನೆಲೆಗಳು. ಸತ್ತವರ ನೆನಪಿಗೆ ಕಲ್ಲುಗುಡಿ. ದೊಡ್ಡ ಸಂಪಿಗೆ ಮರವೇ ಒಂದು ಗುಡಿ. ಬೆಂಕಿಯ ವಿಷಯವನ್ನೇ ನೋಡಿ. ಬೇಸಗೆಯ ಮೊದಲಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ಎಲೆಗೆ ಹಚ್ಚುತ್ತಿದ್ದ ಸಣ್ಣ ಉರಿಗೆ ತರಗು ಬೆಂಕಿ ಎಂದು ಅವರು ಕರೆಯುತ್ತಾರೆ. ಅದು ಮರವನ್ನು ಸುಡುತ್ತಿರಲಿಲ್ಲ. ಮುಳ್ಳನ್ನೂ, ನೆಲ್ಲಿಮರದ ರಕ್ತ ಹೀರುವ ಉಪ್ಪಿಲು ಎಂಬ ಬದನಿಕೆಯನ್ನೂ ಹತ್ತಿಕ್ಕುತ್ತಿತ್ತು ಎಂಬುದು ಹಿರಿಯರ ಮಾತು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಪೋಡುಗಳನ್ನು ಕಾಡಿನ ಒಳಗಿನಿಂದ ಎಬ್ಬಿಸಿ ಅಂಚಿಗೆ ತಂದರು, ಬೆಂಕಿ ನಿಷೇಧವಾಯಿತು. ಲಂಟಾನ ಬೆಟ್ಟವನ್ನು ಮುಚ್ಚಿತು. ಸೋಲಿಗರು ದಶಕಗಳಿಂದ ಹೇಳುತ್ತಿದ್ದ ಈ ಮಾತನ್ನು ಪದವೀಧರ ವಿಜ್ಞಾನಿಗಳು ಕೇಳಿಸಿಕೊಂಡು ಬರೆಯತೊಡಗಿದ್ದು ಬಹಳ ತಡವಾಗಿ. ಇತ್ತೀಚೆಗೆ ಇದೇ ಬೆಟ್ಟದಲ್ಲಿ ಸಿಕ್ಕ ಒಂದು ಹೊಸ ಕಣಜಕ್ಕೆ ಸೋಲಿಗರ ಹೆಸರನ್ನೇ ಇಟ್ಟಿದ್ದಾರೆ. ಸಂತೋಷ. ಕಣಜಕ್ಕೆ ಹತ್ತಿದ ಹೆಸರು ಪಟ್ಟಾ ಕಾಗದಕ್ಕೂ ಅಷ್ಟೇ ಬೇಗ ಹತ್ತಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಇಲ್ಲಿ ನಮ್ಮ ಸಂಗಾತಿಗಳೇ ಕೆಲವರು ಅಡ್ಡಬಾಯಿ ಹಾಕುವುದುಂಟು. ಹಾಡು, ಕತೆ, ಕಲ್ಲುಗುಡಿ ಇವೆಲ್ಲ ಹೊಟ್ಟೆ ತುಂಬಿದವರ ವಿಲಾಸ. ಮೊದಲು ಭೂಮಿ, ಆಮೇಲೆ ಸಂಸ್ಕೃತಿ ಎಂಬುದು ಅವರ ವಾದ. ಗೇಣಿದಾರರ ಹೋರಾಟದಲ್ಲಿ ಈ ವಾದಕ್ಕೆ ತೂಕವಿತ್ತೇನೋ. ಕಾಡಿನ ಜನರ ವಿಷಯದಲ್ಲಿ ಇದು ಕಾನೂನನ್ನು ಓದದೆ ಆಡಿದ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯೇ ಈ ಜನರಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿದೆ. ಹಕ್ಕು ಕೇಳುವವನು ಏನನ್ನು ಸಾಕ್ಷ್ಯವಾಗಿ ಒದಗಿಸಬಹುದೆಂದು ಅದರ ನಿಯಮಗಳಲ್ಲಿ ಪಟ್ಟಿಯಿದೆ. ಸರ್ಕಾರಿ ದಾಖಲೆಗಳ ಜೊತೆಗೆ ಬಾವಿ, ಸ್ಮಶಾನ, ಪವಿತ್ರ ಸ್ಥಳ, ವಂಶಾವಳಿ ಇವೂ ಆ ಪಟ್ಟಿಯಲ್ಲಿವೆ. ಅರ್ಜಿದಾರನಲ್ಲದ ಹಿರಿಯರೊಬ್ಬರು ಹೇಳಿ ಬರೆಯಿಸಿದ ಹೇಳಿಕೆಯೂ ಇದೆ. ಎಂದರೆ ಅಜ್ಜಿಯ ನೆನಪು ಕಾನೂನಿನ ಕಣ್ಣಿನಲ್ಲಿ ಸಾಕ್ಷ್ಯ. ಯಾವ ಹಳ್ಳದ ಬಳಿ ಯಾರ ಮಾರಮ್ಮ, ಯಾವ ಮರದ ಕೆಳಗೆ ಯಾರ ತಾತನ ಕಲ್ಲು ಎಂಬುದನ್ನು ಹೇಳುವ ಹಾಡು ಅವರ ಪಹಣಿ. ಶ್ಯಾನುಭೋಗರ ಲೆಕ್ಕದಲ್ಲಿ ಎಂದೂ ಸೇರದಿದ್ದವರಿಗೆ ಇದಲ್ಲದೆ ಬೇರೆ ದಾಖಲೆ ಎಲ್ಲಿಂದ ಬರಬೇಕು?

ಇದು ಬರಿಯ ತರ್ಕವಲ್ಲ, ನಡೆದ ಸಂಗತಿ. ಬಿಳಿಗಿರಿಯ ಸೋಲಿಗರು ತಮ್ಮ ಪವಿತ್ರ ನೆಲೆಗಳನ್ನು ಒಂದೊಂದಾಗಿ ಗುರುತಿಸಿ ನಕಾಶೆ ಮಾಡಿದರು. ನಾನೂರಕ್ಕೂ ಹೆಚ್ಚು ನೆಲೆಗಳು ಅದರಲ್ಲಿ ಸೇರಿದವು. 2011ರ ಜನವರಿಯಲ್ಲಿ ಸರ್ಕಾರ ಬೆಟ್ಟವನ್ನು ಹುಲಿ ರಕ್ಷಿತಾರಣ್ಯವೆಂದು ಸಾರಿದಾಗ ಇನ್ನು ಇವರ ಕತೆ ಮುಗಿಯಿತೆಂದೇ ಅನೇಕರು ತಿಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಬಂತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ನಾಗರಹೊಳೆಯ ಕಡೆ ಜೇನುಕುರುಬರಿಗೆ ಆ ಭಾಗ್ಯವೂ ಒದಗಲಿಲ್ಲ. ಹಿಂದೆ ಹೊರದೂಡಲ್ಪಟ್ಟ ಐವತ್ತಕ್ಕೂ ಹೆಚ್ಚು ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಗೆ ತಾವಾಗಿಯೇ ಹಿಂತಿರುಗಿ ಗುಡಿಸಲು ಹಾಕಿದವು. ಹಿರಿಯರ ಗೋರಿಗಳು ಅಲ್ಲಿವೆ ಎಂಬುದು ಅವರ ಮಾತಿನ ಮೊದಲು. ಇದೇ ಜೇನುಕುರುಬರ ಮಾವುತರೂ ಕಾವಾಡಿಗರೂ ದಸರೆಯ ಆನೆಗಳೊಂದಿಗೆ ಮೈಸೂರಿನಲ್ಲಿ ಬೀಡುಬಿಡುತ್ತಾರೆ. ಅರ್ಜುನ, ಅಭಿಮನ್ಯು ಎಂದು ಆನೆಯ ಹೆಸರನ್ನು ಊರ ಮಕ್ಕಳೆಲ್ಲ ಬಲ್ಲರು. ಆನೆಯ ಕತ್ತಿನ ಮೇಲೆ ಕುಳಿತವನ ಹೆಸರನ್ನು ಹೇಳಬಲ್ಲವರು ಎಷ್ಟು ಮಂದಿ?

ಆದ್ದರಿಂದ ನಾವು ನಮ್ಮ ಓದುಗರಲ್ಲಿ ಕೇಳುವುದು ಹಾರ ತುರಾಯಿಗಳನ್ನಲ್ಲ. ತಹಸೀಲು ಕಚೇರಿಯ ಕನ್ನಡ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ: ನಿವೃತ್ತ ಮೇಷ್ಟರುಗಳು, ಅರ್ಜಿ ಬರೆಯುವವರು, ಕಿರಿಯ ವಕೀಲರು. ಒಬ್ಬೊಬ್ಬರು ಒಂದೊಂದು ಪೋಡಿನ ಸ್ನೇಹ ಬೆಳೆಸಲಿ. ಕರೆದಾಗ ಹೋಗಲಿ; ಹೋದಾಗ ಹಿರಿಯರ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಲಿ, ತಿದ್ದಿ ಸಂಸ್ಕೃತ ಮಾಡುವುದು ಬೇಡ. ಜೇನು ಕೊಳ್ಳುವವರು ಚೌಕಾಶಿ ಮಾಡದೆ ಕೊಳ್ಳಲಿ. ಎಪ್ಪತ್ತಡಿ ಮರ ಹತ್ತಿ ಹೆಜ್ಜೇನು ಇಳಿಸುವ ಕೂಲಿ ಎಷ್ಟೆಂದು ಪೇಟೆಯವನಿಗೆ ಹೇಗೆ ತಿಳಿದೀತು? ಶಾಲೆಯಲ್ಲಿ ಸೋಲಿಗರ ಮಗುವಿನ ನುಡಿ ಕೇಳಿ ನಗುವ ಮೇಷ್ಟರಿದ್ದರೆ, ಆ ನುಡಿಯಲ್ಲಿ ಎಷ್ಟು ಮರಗಳ ಹೆಸರಿದೆಯೆಂದು ಅದೇ ಮಗುವನ್ನು ಕೇಳಿ ಕರಿಹಲಗೆಯ ಮೇಲೆ ಬರೆಯಲಿ. ಹಲಗೆ ಸಾಲದೆ ಹೋದೀತು.

ಯಾವುದನ್ನು ಗೌರವಿಸಬೇಕೆಂಬುದನ್ನೂ ಅವರೇ ಹೇಳಬೇಕು. ಕರಾವಳಿಯ ಕೊರಗರ ಸಂಗತಿ ಇದಕ್ಕೆ ನಿದರ್ಶನ. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುತ್ತಿದ್ದರು, ಕಂಬಳದ ಗದ್ದೆಯಲ್ಲಿ ಕೋಣಗಳ ಮುಂದೆ ಅವರನ್ನು ಓಡಿಸುತ್ತಿದ್ದರು. ಕೇಳಿದರೆ ಸಂಪ್ರದಾಯ ಎನ್ನುತ್ತಿದ್ದರು. 2000ದಲ್ಲಿ ಶಾಸನ ಮಾಡಿ ಅದನ್ನು ನಿಷೇಧಿಸಬೇಕಾಯಿತು. ಧಣಿಗಳು ಹೇರಿದ್ದನ್ನು ಬುಡಕಟ್ಟಿನ ಸಂಸ್ಕೃತಿಯೆಂದು ಹೊಗಳುವುದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲ. ಕೊರಗರು ತಾವಾಗಿ ಆಚರಿಸುವುದು ಭೂಮಿ ಹಬ್ಬವನ್ನು. ಡೋಲು ಅಲ್ಲಿಯೂ ಉಂಟು. ಬಾರಿಸುವವರು ತಮ್ಮ ಇಚ್ಛೆಯಿಂದ ಬಾರಿಸುತ್ತಾರೆ.

ಪೋಡುಗಳಲ್ಲಿ 1974ಕ್ಕೆ ಹಿಂದಿನ ಕಾಡನ್ನು ಬಲ್ಲವರು ಈಗ ಎಪ್ಪತ್ತು ಎಂಬತ್ತು ದಾಟಿದವರು. ವರ್ಷವರ್ಷವೂ ಕಡಮೆಯಾಗುತ್ತಿದ್ದಾರೆ. ಮಳೆ ಹಿಡಿಯುವ ಮೊದಲೇ ಹೋಗುವುದು ಒಳ್ಳೆಯದು. ಹೋಗುವವರು ಹೇಳಿಕೆಯನ್ನು ಎರಡು ಪ್ರತಿ ಬರೆಯಲಿ, ಹೇಳಿದವರಿಗೆ ಓದಿ ಕೇಳಿಸಿ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳಲಿ. ಒಂದು ಪ್ರತಿ ಅರಣ್ಯ ಹಕ್ಕು ಸಮಿತಿಗೆ. ಇನ್ನೊಂದು ಆ ಮನೆಯ ಪೆಟ್ಟಿಗೆಯಲ್ಲೇ ಇರಲಿ.